ಬೀಜವೊಂದೇ, ಹೊಲ ಬೇರೆ

ಜರ್ಮನಿಯ ಲ್ಯೂಬೆಕ್ ನಗರದಲ್ಲಿ 1929ರ ಡಿಸೆಂಬರಿನಿಂದ ಕೆಲವು ತಿಂಗಳ ಕಾಲ 251 ಹಸುಗೂಸುಗಳಿಗೆ ಬಿ.ಸಿ.ಜಿ. ಲಸಿಕೆಯನ್ನು ಕುಡಿಸಲಾಯಿತು. ಕ್ಷಯದಿಂದ ಕಾಯಬೇಕಾದ ಆ ಲಸಿಕೆಯಲ್ಲಿಯೇ, ಪ್ರಯೋಗಶಾಲೆಯ ಪ್ರಮಾದದಿಂದ, ಉಗ್ರವಾದ ಕ್ಷಯಾಣುಗಳು ಬೆರೆತುಹೋಗಿದ್ದವು. 72 ಕೂಸುಗಳು ಬಲಿಯಾದವು. ಮಿಕ್ಕವುಗಳಲ್ಲಿ ಹೆಚ್ಚಿನವು ರೋಗದ ಕುರುಹುಗಳನ್ನು ತೋರಿದರೂ, ಕ್ಷಯಕ್ಕೆ ಮದ್ದೇ ಇಲ್ಲದ ಆ ಕಾಲದಲ್ಲಿ ಬದುಕಿಕೊಂಡವು. ಎಲ್ಲ ಕೂಸುಗಳ ಹೊಟ್ಟೆಗೂ ಸೇರಿದ ವಿಷ ಒಂದೇ ಪ್ರಮಾಣದ್ದಾಗಿರಲಿಲ್ಲವೆಂಬುದು ದಿಟ. ಆದರೆ ಒಂದೇ ಪ್ರಮಾಣವನ್ನುಂಡ ಕೂಸುಗಳ ಗತಿಯೂ ಒಂದೇ ಆಗಲಿಲ್ಲ. ಹೀಗೇಕೆ?

ಬೆಳೆಗೆ ಬೀಜವೆಷ್ಟು ಮುಖ್ಯವೋ ಹೊಲವೂ ಅಷ್ಟೇ ಮುಖ್ಯ. ರೋಗದ ಬೀಜವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ತೋರಿಸಿಕೊಟ್ಟನು. ಆ ಬೀಜ ಲೋಕದ ಜನರಲ್ಲಿ ಸುಮಾರು ಕಾಲುಭಾಗದವರ ಮೈಯನ್ನು ಹೊಕ್ಕಿರುವುದೆಂದು ಅಂದಾಜು. ಆದರೆ ಅವರಲ್ಲಿ ತಮ್ಮ ಜೀವಮಾನದಲ್ಲಿ ರೋಗಿಗಳಾಗುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. ಹೊಲದ ಗುಣವನ್ನು ಅರಿಯಲು ಕಾಲ್ಮನ್ ಮತ್ತು ರೈಸ್ನರ್ ಎಂಬ ಸಂಶೋಧಕರು ಅವಳಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕ್ಷಯ ಬಂದಾಗ ಇನ್ನೊಬ್ಬರಿಗೂ ಬರುವ ಸಂಭವವು, ತದ್ರೂಪಿಗಳಲ್ಲದ ಅವಳಿಗಳಿಗಿಂತ ಬಹಳ ಹೆಚ್ಚೆಂದು 1943ರಲ್ಲಿ ಪ್ರಕಟಪಡಿಸಿದರು.

ಇದರ ಮರ್ಮ ಈಚೆಗೆ ತುಸು ಬಯಲಾಗಿದೆ. ದೇಹದ ಕಾವಲು ಕೋಶಗಳು ಕ್ಷಯಾಣುವನ್ನು ನುಂಗಿದರೆ ಸಾಲದು. ಅದನ್ನು ಕೊಲ್ಲಲು 'ಇಂಟರ್‌ಫೆರಾನ್-ಗಾಮಾ' ಎಂಬ ರಾಸಾಯನಿಕ ಆಜ್ಞೆಯೂ ಬೇಕು. 'ಟಿಕ್-2' ಎಂಬ ವಂಶವಾಹಿಯ ಒಂದು ಭೇದವು ತಂದೆತಾಯಿಗಳಿಬ್ಬರಿಂದಲೂ ಬಂದವರಲ್ಲಿ ಈ ಆಜ್ಞೆ ಕುಂದುವುದೆಂದು 2018ರಲ್ಲಿ ತಿಳಿದುಬಂದಿತು. ಯುರೋಪು ಮೂಲದವರಲ್ಲಿ ಸುಮಾರು 600ಕ್ಕೆ ಒಬ್ಬರು ಇಂಥವರು. ಪ್ರಾಚೀನ ಅಸ್ಥಿಗಳಿಂದ ದೊರೆತ ಸಾವಿರಕ್ಕೂ ಮಿಕ್ಕ ಜನರ ವಂಶಲೇಖಗಳನ್ನು ಶೋಧಿಸಿದವರು, ಕಳೆದ 2000 ವರ್ಷಗಳಲ್ಲಿ ಈ ಭೇದವು ಆ ಖಂಡದಲ್ಲಿ ವಿರಳವಾಗುತ್ತ ಬಂದಿತೆಂದು 2021ರಲ್ಲಿ ತಿಳಿಸಿದರು. ಕ್ಷಯವೇ ಅದನ್ನು ಕಳೆ ಕೀಳುವಂತೆ ಕಿತ್ತಿತೆಂಬುದು ಅವರ ಮತ.

ಹಾಗಾದರೆ ಕ್ಷಯವು ವಂಶದ ರೋಗವೇ? ಹೆಣ್ಣು ಕೇಳಲು ಬಂದವರು, ಅಜ್ಜನು ಕ್ಷಯದಿಂದ ತೀರಿಕೊಂಡನೆಂದು ಕೇಳಿ ಸಂಬಂಧ ಬಿಡುವುದು ನ್ಯಾಯವೇ? ಅಲ್ಲವೆಂದೇ ಹೇಳಬೇಕು. ಬೀಜ ಹೊರಗಿನಿಂದ ಬಾರದೆ ರೋಗ ಹುಟ್ಟದು. ಮೇಲೆ ಹೇಳಿದ ಭೇದವು ಯುರೋಪಿನಲ್ಲಿಯೂ ನೂರು ಕ್ಷಯರೋಗಿಗಳಲ್ಲಿ ಸುಮಾರು ಒಬ್ಬರ ಪಾಲಿಗಷ್ಟೇ ಕಾರಣ. ಒಂದು ಮನೆಯವರಿಗೆ ರಕ್ತವೊಂದೇ ಅಲ್ಲ, ಗಾಳಿಯೂ ಅನ್ನದ ಪಾತ್ರೆಯೂ ಸಮಾನ.

ಆ ಪಾತ್ರೆಯ ಮಹಿಮೆಯನ್ನು ಮಂಗಳೂರಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಕ್ಷಯರೋಗಿಗಳ ಮನೆಮಂದಿಗೆ ತಿಂಗಳು ತಿಂಗಳೂ ಅಕ್ಕಿ, ಬೇಳೆ, ಜೀವಸತ್ವಗಳನ್ನು ಒದಗಿಸಿದಲ್ಲಿ, ಅವರಲ್ಲಿ ಹೊಸದಾಗಿ ರೋಗ ತಲೆದೋರುವುದು ನೂರಕ್ಕೆ ಸುಮಾರು 40ರಷ್ಟು ತಗ್ಗಿತು. ಹುಟ್ಟಿನಿಂದ ಬಂದ ಹೊಲವನ್ನು ಬದಲಿಸಿಕೊಳ್ಳುವುದು ಯಾರಿಂದಲೂ ಆಗದು. ಅದಕ್ಕೆ ಗೊಬ್ಬರ ಹಾಕುವುದು ಆದೀತು. ಎರಡು ವಾರ ಮೀರಿದ ಕೆಮ್ಮನ್ನು ಮನೆತನದ ಮಾನಕ್ಕಂಜಿ ಮುಚ್ಚಿಡದೆ ವೈದ್ಯರ ಬಳಿಗೆ ಹೋಗುವುದೂ ಆದೀತು. ಇಂದು ಕ್ಷಯಕ್ಕೆ ಗುಣವಾಗುವ ಮದ್ದುಂಟು.