ಇವತ್ತು ರಾತ್ರಿ 12:30ಕ್ಕೆ ಮೊಬೈಲ್ ಆಫ್ ಮಾಡಬೇಕಾ? ಆಕಾಶದ ಎಕ್ಸ್‌ರೇ ಕಥೆಯೇ ಬೇರೆ

‘ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ. ಮೊಬೈಲ್ ಸ್ವಿಚ್ ಆಫ್ ಮಾಡಿ ದೂರ ಇಡಿ. ನಾಸಾ ಹೇಳಿದೆ, ಸಿಂಗಾಪುರದ ಟಿವಿಯಲ್ಲೂ ಬಂದಿದೆ.’ ಈ ಫಾರ್ವರ್ಡ್ ನಿಮಗೂ ಒಮ್ಮೆಯಾದರೂ ಬಂದಿರುತ್ತದೆ. ಎಸ್ಸೆಮ್ಮೆಸ್ ಕಾಲದಿಂದಲೂ ಇದು ಓಡಾಡುತ್ತಿದೆ. ಗಮನಿಸಿ, ಇದರಲ್ಲಿ ದಿನಾಂಕ ಇರುವುದಿಲ್ಲ, ಬರೀ ‘ಇಂದು’ ಅಂತ ಇರುತ್ತದೆ. ಹಾಗಾಗಿ ಎಷ್ಟು ವರ್ಷವಾದರೂ ಹಳಸುವುದಿಲ್ಲ.

‘ಏನಾದ್ರೂ ಇರ್ಲಿ, ಒಂದ್ ರಾತ್ರಿ ಆಫ್ ಮಾಡಿದ್ರೆ ಗಂಟೇನು ಹೋಗ್ತದೆ?’ ಅನ್ನುವವರಿದ್ದಾರೆ. ಹಾರನಹಳ್ಳಿ, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ಇದರ ಉತ್ತರ ಗೊತ್ತು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಮುಂದೆ ಒಬ್ಬರಾದರೂ ರಾತ್ರಿಯಿಡೀ ಎದ್ದಿರಬೇಕು. ಕಾಡಂಚಿನ ಊರಿಗೆ ಆನೆ ಇಳಿದರೆ ಸುದ್ದಿ ಮುಟ್ಟುವುದು ಫೋನಿನಲ್ಲೇ. ಮಧ್ಯರಾತ್ರಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕರೆ ಮಾಡಬೇಕಾದದ್ದೂ ಅದೇ ಫೋನಿನಿಂದ.

ಹಾಗಾದರೆ ಆಕಾಶದಿಂದ ಅಪಾಯಕಾರಿ ಕಿರಣ ಬರುವುದೇ ಸುಳ್ಳಾ? ಇಲ್ಲ, ಬರುತ್ತವೆ. ಫಾರ್ವರ್ಡ್ ಮಾಡುವವರ ಊಹೆಗೂ ಮೀರಿದಷ್ಟು ಬಿರುಸಾಗಿ ಹೊಮ್ಮುವ ಜಾಗಗಳೇ ಇವೆ. ಅಂಥದ್ದೊಂದು ಸಿಗ್ನಸ್ ಎಕ್ಸ್-1. 1964ರಲ್ಲಿ ರಾಕೆಟ್ ಮೇಲೆ ಇಟ್ಟು ಹಾರಿಸಿದ ಉಪಕರಣಕ್ಕೆ ಮೊದಲು ಸಿಕ್ಕಿತು. ಅಲ್ಲಿರುವುದು ಜೋಡಿ: ಒಂದು ಭಾರೀ ನೀಲಿ ನಕ್ಷತ್ರ, ಇನ್ನೊಂದು ಸೂರ್ಯನ ಸುಮಾರು 21ರಷ್ಟು ತೂಕದ ಕಪ್ಪುಕುಳಿ. ಎರಡೂ 5.6 ದಿನಕ್ಕೊಮ್ಮೆ ಒಂದರ ಸುತ್ತ ಒಂದು ತಿರುಗುತ್ತವೆ.

ಕಪ್ಪುಕುಳಿಯಿಂದ ಬೆಳಕೇ ಹೊರಬರುವುದಿಲ್ಲ ಅಂತಾರಲ್ಲ, ಎಕ್ಸ್‌ರೇ ಎಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ. ಕಿರಣ ಹೊಮ್ಮುವುದು ಕುಳಿಯಿಂದಲ್ಲ, ಅದರೊಳಗೆ ಬೀಳಲು ಹೊರಟ ಅನಿಲದಿಂದ. ದೊಡ್ಡ ನಕ್ಷತ್ರದ ಮೈಯಿಂದ ಸದಾ ಅನಿಲದ ಗಾಳಿ ಬೀಸುತ್ತಿರುತ್ತದೆ. ಅದರಲ್ಲಿ ಒಂದಿಷ್ಟನ್ನು ಜೊತೆಗಾರ ಸೆಳೆದುಕೊಳ್ಳುತ್ತದೆ. ಶಿವನಸಮುದ್ರದಲ್ಲಿ 1902ರಿಂದ ಕರೆಂಟು ತೆಗೆಯುತ್ತಿರುವುದು ಮೇಲಿಂದ ಬೀಳುವ ನೀರಿನಿಂದ ತಾನೆ? ಇಲ್ಲೂ ಬೀಳುವುದರಿಂದಲೇ ಶಕ್ತಿ. ಆದರೆ ಎಳೆಯುವ ಬಲ ಎಷ್ಟು ಘೋರ ಎಂದರೆ, ಸುತ್ತುತ್ತಾ ಉಜ್ಜಾಡುತ್ತಾ ಬೀಳುವ ಅನಿಲ ಲಕ್ಷಾಂತರ ಡಿಗ್ರಿ ದಾಟಿ ಕಾಯುತ್ತದೆ. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗಾಗಿ ಆಮೇಲೆ ಬೆಳ್ಳಗಾಗುತ್ತದೆ. ಬಿಸಿ ಇನ್ನೂ ಏರುತ್ತಾ ಹೋದರೆ ಹೊಮ್ಮುವುದು ಕಣ್ಣಿಗೆ ಕಾಣದ ಎಕ್ಸ್‌ರೇ. ನಮ್ಮ ಬ್ಯಾರನ್ನಿನ ಕಾವು ಕೊನೇ ಹಂತದಲ್ಲೂ 70 ಡಿಗ್ರಿ ಆಸುಪಾಸು, ನೆನಪಿರಲಿ.

ಜೊತೆಗಾರ ಕಪ್ಪುಕುಳಿಯೇ ಆಗಬೇಕೆಂದಿಲ್ಲ. ವೇಲಾ ಎಕ್ಸ್-1 ಎಂಬ ಜೋಡಿಯಲ್ಲಿ ಅದು ನ್ಯೂಟ್ರಾನ್ ನಕ್ಷತ್ರ. ಸತ್ತ ನಕ್ಷತ್ರದ ತಿರುಳು ಎನ್ನಿ. ಸೂರ್ಯನಿಗಿಂತ ಹೆಚ್ಚು ತೂಕ, ಆದರೆ ಅಗಲ ಹೆಚ್ಚುಕಡಿಮೆ ಪಿರಿಯಾಪಟ್ಟಣದಿಂದ ಹುಣಸೂರಿಗೆ ಇರುವಷ್ಟು! ಇದು 283 ಸೆಕೆಂಡಿಗೊಮ್ಮೆ ತನ್ನ ಸುತ್ತ ತಿರುಗುವುದರಿಂದ ಎಕ್ಸ್‌ರೇ ದೀಪಸ್ತಂಭದ ಬೆಳಕಿನಂತೆ ಮಿಡಿಯುತ್ತದೆ. ಸುಮಾರು ಒಂಬತ್ತು ದಿನಕ್ಕೊಮ್ಮೆ ದೊಡ್ಡ ನಕ್ಷತ್ರದ ಹಿಂದೆ ಮರೆಯಾಗುತ್ತದೆ. ಅದೂ ಗ್ರಹಣವೇ. ಯಾರೂ ಊಟ ಬಿಡುವುದಿಲ್ಲ ಅಷ್ಟೇ.

ಈಗ ಮುಖ್ಯ ವಿಷಯ. ಸಿಗ್ನಸ್ ಎಕ್ಸ್-1 ನಮ್ಮಿಂದ ಸುಮಾರು 7,200 ಜ್ಯೋತಿರ್ವರ್ಷ ದೂರ. ಸೂರ್ಯನ ಸಾವಿರಾರು ಪಟ್ಟು ಶಕ್ತಿಯನ್ನು ಎಕ್ಸ್‌ರೇಯಾಗಿ ಚೆಲ್ಲಿದರೂ ಇಷ್ಟು ದೂರ ಬರುವಷ್ಟರಲ್ಲಿ ಅದು ಹರಡಿಹೋಗಿರುತ್ತದೆ. ಉಳಿದು ಬಂದ ಚೂರುಪಾರನ್ನೂ ವಾಯುಮಂಡಲ ತಡೆದು ನಿಲ್ಲಿಸುತ್ತದೆ. ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಹತ್ತು ಮೀಟರ್ ಆಳದ ನೀರಿನಷ್ಟು. ಹತ್ತು ಮೀಟರ್ ನೀರಿನ ಆಚೆ ನಿಂತವರ ಎದೆಯ ಎಕ್ಸ್‌ರೇ ತೆಗೆಯಲು ಆಸ್ಪತ್ರೆಯ ಯಂತ್ರಕ್ಕೂ ಆಗದು.

ಇದಕ್ಕೆ ಸಾಕ್ಷಿ ಬೇಕೆಂದರೆ ಬೆಂಗಳೂರಿನಲ್ಲೇ ಇದೆ. ಈ ಕಿರಣ ನೆಲಕ್ಕೆ ಬರುವಂತಿದ್ದರೆ ನಮ್ಮ ವಿಜ್ಞಾನಿಗಳು ಅದನ್ನು ಹುಡುಕಿ ಬಾಹ್ಯಾಕಾಶಕ್ಕೆ ಹೋಗಬೇಕಿರಲಿಲ್ಲ. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟ ಉಪಗ್ರಹದ ಚಿತ್ರ ಇತ್ತಲ್ಲ, ಅದು ಪೀಣ್ಯದ ಶೆಡ್ಡುಗಳಲ್ಲಿ ತಯಾರಾದದ್ದು. ಯು.ಆರ್. ರಾವ್ ಅವರ ತಂಡ ಅದರಲ್ಲಿ ಎಕ್ಸ್‌ರೇ ಉಪಕರಣವನ್ನೂ ಇಟ್ಟಿತ್ತು. 1975ರ ಏಪ್ರಿಲ್ 19ರಂದು ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಆ ಅಷ್ಟು ದಿನದಲ್ಲೇ ಸಿಗ್ನಸ್ ಎಕ್ಸ್-1ರ ಕಿರಣಗಳನ್ನು ಅಳೆದಾಗಿತ್ತು.

2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹೋಯಿತು. ಅದರ ಮಾಹಿತಿ ಬಂದು ಸೇರುವುದು ಬಿಡದಿ ಹತ್ತಿರದ ಬ್ಯಾಲಾಳಿಗೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ನಾವು ಹೆಚ್ಚುಕಡಿಮೆ ಅದರ ಪಕ್ಕದಲ್ಲೇ ಹಾದುಹೋಗಿರುತ್ತೇವೆ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನಲ್ಲಿ ಪೋಲಿಕ್ಸ್ ಎಂಬ ಉಪಕರಣವಿದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಕಂಬಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ಕೆಳಗೆ ಅಲುಗಿಸಬಹುದು, ಅಕ್ಕಪಕ್ಕಕ್ಕೂ ಅಲುಗಿಸಬಹುದು. ಎಕ್ಸ್‌ರೇ ಅಲೆ ಯಾವ ದಿಕ್ಕಿನಲ್ಲಿ ಅಲುಗುತ್ತಿದೆ ಎಂದು ಪೋಲಿಕ್ಸ್ ನೋಡುತ್ತದೆ. ಅದರಿಂದ ಅಷ್ಟು ದೂರದ ಬಿಸಿ ಅನಿಲ ಯಾವ ಆಕಾರದಲ್ಲಿ ಹರಡಿದೆ ಎಂಬ ಸುಳಿವು ಸಿಗುತ್ತದೆ. ಈ ಉಪಗ್ರಹ ಸುತ್ತುತ್ತಿರುವುದು ಸುಮಾರು 650 ಕಿ.ಮೀ. ಎತ್ತರದಲ್ಲಿ.

ಇನ್ನು ಫಾರ್ವರ್ಡ್‌ನಲ್ಲಿರುವ ‘ಕಾಸ್ಮಿಕ್ ಕಿರಣ’. ಅದು ಎಕ್ಸ್‌ರೇ ಅಲ್ಲ, ವೇಗವಾಗಿ ನುಗ್ಗಿ ಬರುವ ಕಣಗಳು. ಅವು ಗಾಳಿಗೆ ಬಡಿದಾಗ ಹುಟ್ಟುವ ಚಿಕ್ಕ ಕಣಗಳು ನೀವಿದನ್ನು ಓದುತ್ತಿರುವಾಗಲೂ ನಿಮ್ಮ ಮೈ ಹಾದು ಹೋಗುತ್ತಿವೆ. ಹಗಲು ರಾತ್ರಿ, ಸಾವಿರಾರು ವರ್ಷದಿಂದ, 12:30ರ ಮುಹೂರ್ತ ನೋಡದೆ. ಮೊಬೈಲ್ ಆನ್ ಇದ್ದರೆ ಅವು ಹೆಚ್ಚು ಬರುವುದೂ ಇಲ್ಲ, ಆಫ್ ಮಾಡಿದರೆ ನಿಲ್ಲುವುದೂ ಇಲ್ಲ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬ್ಯಾರನ್ ಉರಿ ನೋಡಲು ಹೊರಗಿದ್ದರೆ, ರಾತ್ರಿ 8ರ ಹೊತ್ತಿಗೆ ಮೋಡ ಸರಿದಾಗ ಉತ್ತರಕ್ಕೆ ತಿರುಗಿ ತಲೆ ಎತ್ತಿ. ಮೇಲೆ ಶಿಲುಬೆಯ ಆಕಾರದಲ್ಲಿ ಕಾಣುವುದೇ ರಾಜಹಂಸ ನಕ್ಷತ್ರಪುಂಜ. ಸಿಗ್ನಸ್ ಎಕ್ಸ್-1 ಇರುವುದು ಆ ಹಂಸದ ಕತ್ತಿನ ಬಳಿ. ಬರಿಗಣ್ಣಿಗೆ ಕಾಣದು. ಒಳ್ಳೆಯ ಬೈನಾಕ್ಯುಲರ್ ಮತ್ತು ಕತ್ತಲೆ ಇದ್ದರೆ ನೀಲಿ ನಕ್ಷತ್ರ ಮಾತ್ರ ಸಣ್ಣ ಚುಕ್ಕಿಯಾಗಿ ಸಿಗಬಹುದು. ಫೋನು ಜೇಬಿನಲ್ಲೇ ಇರಲಿ.