ಸೀಟಿನ ಸ್ಪರ್ಧೆ ಮತ್ತು ಶುಶ್ರೂಷೆಯ ಸ್ಪರ್ಧೆ

ಚಳ್ಳಕೆರೆಯ ಕಾಲೇಜೊಂದರಲ್ಲಿ ನಡೆದ ಆರೋಗ್ಯ ವಿಜ್ಞಾನದ ರಸಪ್ರಶ್ನೆಗೆ ತೀರ್ಪುಗಾರನಾಗಿ ಕೂರುವ ಅವಕಾಶ ನನಗೆ ಒದಗಿತ್ತು. ವೈದ್ಯಕೀಯ ಸೀಟಿಗೆ ಸಿದ್ಧರಾಗುತ್ತಿದ್ದ ಪಿಯುಸಿ ವಿದ್ಯಾರ್ಥಿಗಳು, ನರ್ಸಿಂಗ್ ಮತ್ತು ಅರೆವೈದ್ಯಕೀಯ ಕೋರ್ಸುಗಳ ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸಿದ್ದರು. ಇನ್ಸುಲಿನ್ ಕಂಡುಹಿಡಿದವರು ಯಾರು, ವಯಸ್ಕರ ದೇಹದಲ್ಲಿರುವ ಮೂಳೆಗಳೆಷ್ಟು, ನಾಗರಹಾವಿನ ವಿಷ ಘಾಸಿಗೊಳಿಸುವುದು ಯಾವ ಅಂಗವ್ಯೂಹವನ್ನು ಎಂಬ ಪ್ರಶ್ನೆಗಳಿಗೆ ಉತ್ತರಗಳು ಥಟ್ಟನೆ ಬರುತ್ತಿದ್ದವು. ಬಹುಮಾನ ವಿತರಣೆ ಮುಗಿದ ಮೇಲೆ ಮೊಳಕಾಲ್ಮುರಿನ ನೇಕಾರ ಕುಟುಂಬದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, ‘ಸರ್, ಹಾವಿನ ವಿಷದ ಬಗ್ಗೆ ಕೇಳಿದಿರಿ. ಕಚ್ಚಿಸಿಕೊಂಡವರಿಗೆ ಮೊದಲು ಏನು ಮಾಡಬೇಕು ಅಂತ ಯಾರೂ ಕೇಳಲೇ ಇಲ್ಲವಲ್ಲ’ ಎಂದಳು.

ಅಲ್ಲೇ ನಿಂತಿದ್ದ ಪ್ರಥಮ ಬಹುಮಾನ ವಿಜೇತ ತಂಡವನ್ನು ನಾನು ಆ ಪ್ರಶ್ನೆ ಕೇಳಿದೆ. ಕಚ್ಚಿದ ಜಾಗದ ಮೇಲ್ಭಾಗದಲ್ಲಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಕು ಎಂಬ ಉತ್ತರ ಬಂತು. ಅದು ತಪ್ಪು. ಬಿಗಿದು ಕಟ್ಟಿದರೆ ರಕ್ತ ಸಂಚಾರ ನಿಂತು ಅಂಗಕ್ಕೇ ಅಪಾಯ ಒದಗಬಹುದು. ಗಾಯವನ್ನು ಕೊಯ್ಯದೆ, ಚೀಪದೆ, ರೋಗಿಗೆ ಧೈರ್ಯ ಹೇಳಿ, ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲುಗಾಡದ ಹಾಗೆ ಇರಿಸಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಬೇಗ ಸೇರಿಸುವುದೇ ಸರಿಯಾದ ಕ್ರಮ. ಪ್ರಶ್ನೆ ಎತ್ತಿದ ಹುಡುಗಿಗೆ ಇದು ಗೊತ್ತಿತ್ತು. ಆಕೆಯ ತಂಡಕ್ಕೆ ಬಹುಮಾನ ಬಂದಿರಲಿಲ್ಲ.

ಇದನ್ನು ಆ ಮಕ್ಕಳ ದೋಷವೆಂದು ಹೇಳಲಾಗದು. ನಾವು ಯಾವುದನ್ನು ಅಳೆಯುತ್ತೇವೆಯೋ ಅದನ್ನೇ ಅವರು ಕಲಿಯುತ್ತಾರೆ. ಆರೋಗ್ಯ ಕ್ಷೇತ್ರವನ್ನು ಬಯಸುವ ನಮ್ಮ ಯುವಜನರು ಬಲ್ಲ ದೊಡ್ಡ ಸ್ಪರ್ಧೆ ಒಂದೇ, ಅದು ನೀಟ್. 2024ರಲ್ಲಿ ಅದನ್ನು ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನಗಳ 180 ಪ್ರಶ್ನೆಗಳು, 720 ಅಂಕಗಳು. ಕೈಯಿಂದ ಆಗಬೇಕಾದ ಕೆಲಸ ಉತ್ತರದ ವೃತ್ತವನ್ನು ತುಂಬುವುದಷ್ಟೇ. ಸೀಟು ಹಂಚಲು ಇಂಥದೊಂದು ಪರೀಕ್ಷೆ ಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಶಾಲಾ ಕಾಲೇಜುಗಳ ಇತರ ಸ್ಪರ್ಧೆಗಳೂ ಅದರ ಪಡಿಯಚ್ಚಾಗಿರುವುದು ಸರಿಯಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಎರಡು ಬಗೆಯ ಸ್ಪರ್ಧೆಗಳು ಕಾಣುತ್ತವೆ. ಮೊದಲನೆಯದು ಸೀಟಿನ ಸ್ಪರ್ಧೆ. ಅಲ್ಲಿ ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟ. ಸೋತವರ ಎರಡು ವರ್ಷಗಳ ಶ್ರಮ ಮತ್ತು ಪೋಷಕರು ಸಾಲ ಮಾಡಿ ತೆತ್ತ ಕೋಚಿಂಗ್ ಶುಲ್ಕ ಬಹುಪಾಲು ವ್ಯರ್ಥ. ಎರಡನೆಯದು ಕೌಶಲದ ಸ್ಪರ್ಧೆ. ನಿಂತ ಹೃದಯಕ್ಕೆ ಎದೆಯೊತ್ತಿ ಚಾಲನೆ ನೀಡುವುದನ್ನು ಕಲಿತು ಸ್ಪರ್ಧೆಯಲ್ಲಿ ಹತ್ತನೇ ಸ್ಥಾನ ಪಡೆದ ಹುಡುಗನೂ ಆ ವಿದ್ಯೆಯನ್ನು ಮನೆಗೆ ಒಯ್ಯುತ್ತಾನೆ. ಅದರ ಫಲ ಅವನಿಗಿಂತ ಅವನ ಊರಿಗೆ ಹೆಚ್ಚು. ಸಾರ್ವಜನಿಕ ಹಣವನ್ನು ಯಾವ ಸ್ಪರ್ಧೆಗೆ ವಿನಿಯೋಗಿಸಬೇಕು ಎಂಬುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ‘ಹೋಸಾ’ ಎಂಬ ವಿದ್ಯಾರ್ಥಿ ಸಂಘಟನೆ ಪ್ರಥಮ ಚಿಕಿತ್ಸೆ, ಶುಶ್ರೂಷೆಯಂಥ ವಿಷಯಗಳಲ್ಲಿ ಪ್ರೌಢಶಾಲಾ ಮಟ್ಟದಿಂದಲೇ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ನಮ್ಮಲ್ಲಿಯೂ ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್‌ನ ಪ್ರಥಮ ಚಿಕಿತ್ಸಾ ಸ್ಪರ್ಧೆಗಳ ಪರಂಪರೆ ಹಳೆಯದು. ಆದರೆ ತಾಲ್ಲೂಕು ಮಟ್ಟದಲ್ಲಿ ಅನೇಕ ಕಡೆ ಅದು ನಾಮಫಲಕಕ್ಕೆ ಸೀಮಿತವಾಗಿದೆ. 2001-02ರ ಸುಮಾರಿಗೆ ಆರಂಭವಾದ ಪ್ರತಿಭಾ ಕಾರಂಜಿಯಿಂದ ಹಳ್ಳಿ ಮಕ್ಕಳ ಹಾಡಿಗೆ, ಭಾಷಣಕ್ಕೆ ವೇದಿಕೆ ದೊರೆಯಿತು. ಸೇವೆಯಲ್ಲಿದ್ದಾಗ ಅಂಥ ಎಷ್ಟೋ ವೇದಿಕೆಗಳಲ್ಲಿ ನಾನೂ ಬಹುಮಾನ ಹಂಚಿದ್ದೇನೆ. ಗಾಯಕ್ಕೆ ಸರಿಯಾಗಿ ಪಟ್ಟಿ ಕಟ್ಟಬಲ್ಲ ಮಗುವಿಗೆ ಬಹುಮಾನವೇಕಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಆ ಲೋಪದಲ್ಲಿ ನನ್ನ ಪಾಲೂ ಇದೆ.

ಈ ಎರಡು ತಾಲ್ಲೂಕುಗಳಿಗೆ ಇಂಥ ಕೌಶಲ ಬೇಕಿರುವುದು ಅಲಂಕಾರಕ್ಕಲ್ಲ. ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಹೊಲಕ್ಕಿಳಿದವರಿಗೆ ಹಾವಿನ ಭಯ ನಿತ್ಯದ್ದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಘೋಷಣೆಯಿಂದ ಲೆಕ್ಕ ಸಿಗುತ್ತದೆ. ಜೀವ ಉಳಿಸುವುದು ಹೊಲದಿಂದ ಆಸ್ಪತ್ರೆಯವರೆಗಿನ ಅವಧಿಯಲ್ಲಿ ಪಕ್ಕದಲ್ಲಿರುವವರ ತಿಳಿವಳಿಕೆ. ಮೊಳಕಾಲ್ಮುರು ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಅಲ್ಲಿನವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಮಗ್ಗದ ಮುಂದೆ ದಿನವಿಡೀ ಕೂರುವವರ ಬೆನ್ನು ಮತ್ತು ಕಣ್ಣು, ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಕೆಡುವ ಹಲ್ಲು ಮತ್ತು ಮೂಳೆ, ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಊರ ಹೊರಗಿರಿಸುವ, ಇನ್ನೂ ಪೂರ್ತಿ ಅಳಿಯದ ಪದ್ಧತಿ. ಇವೆಲ್ಲ ನೀಟ್ ಪಠ್ಯದಲ್ಲಿ ಬರುವ ವಿಷಯಗಳಲ್ಲ. ಹಟ್ಟಿಯ ಭಾಷೆ ಮತ್ತು ಸಂಕೋಚ ಎರಡನ್ನೂ ಬಲ್ಲ ಸ್ಥಳೀಯ ದಾದಿ ಮಾಡಬಹುದಾದ ಕೆಲಸವನ್ನು ಹೊರಗಿನಿಂದ ಬಂದ ಪದವೀಧರರು ಮಾಡುವುದು ಕಷ್ಟ.

ಇಷ್ಟಾಗಿಯೂ ಇಲ್ಲಿನ ಮನೆಗಳಲ್ಲಿ ‘ಡಾಕ್ಟರ್ ಆಗದಿದ್ದರೆ ನರ್ಸಿಂಗ್’ ಎಂಬ ಮಾತು ಸೋಲಿನ ಒಪ್ಪಿಗೆಯಂತೆ ಕೇಳಿಬರುತ್ತದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಪೂರಕ ಆರೋಗ್ಯ ವೃತ್ತಿಗಳ ಕಾಯ್ದೆ ಪ್ರಯೋಗಾಲಯ ತಂತ್ರಜ್ಞರು, ಫಿಸಿಯೊಥೆರಪಿಸ್ಟರು ಸೇರಿದಂತೆ 50ಕ್ಕೂ ಹೆಚ್ಚು ವೃತ್ತಿಗಳನ್ನು ಗುರುತಿಸಿದೆ. ಕಾನೂನು ಕೊಟ್ಟ ಈ ಮನ್ನಣೆಯನ್ನು ಸಮಾಜ ಇನ್ನೂ ಕೊಟ್ಟಿಲ್ಲ. ಊರ ಮುಂದೆ, ತಂದೆತಾಯಿಯರ ಎದುರು ಚೆನ್ನಾಗಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ ಕೆಲಸಕ್ಕೆ ಗೌರವ ತಾನಾಗಿ ಬರುತ್ತದೆ.

ನನ್ನ ಸಲಹೆ ಸರಳವಾದುದು. ವರ್ಷಕ್ಕೊಮ್ಮೆ ಚಳ್ಳಕೆರೆ ಮತ್ತು ಮೊಳಕಾಲ್ಮುರಿನ ತಾಲ್ಲೂಕು ಆಸ್ಪತ್ರೆಗಳ ಆವರಣದಲ್ಲಿ ಆರೋಗ್ಯ ಕೌಶಲ ಸ್ಪರ್ಧೆ ನಡೆಯಲಿ. ಪ್ರತಿ ತಂಡದಲ್ಲಿ ನರ್ಸಿಂಗ್, ಅರೆವೈದ್ಯಕೀಯ ಮತ್ತು ಪಿಯುಸಿ ವಿಜ್ಞಾನದ ತಲಾ ಒಬ್ಬರಿರಲಿ. ನಾಳೆ ಆಸ್ಪತ್ರೆಯಲ್ಲಿ ಕೂಡಿ ದುಡಿಯಬೇಕಾದವರು ಇಂದೇ ಕೂಡಿ ಕಲಿಯಲಿ. ಹಾವು ಕಡಿತ, ರಸ್ತೆ ಅಪಘಾತದ ರಕ್ತಸ್ರಾವ, ಭೇದಿಯಿಂದ ಬಳಲಿದ ಮಗುವಿಗೆ ಜೀವಜಲದ ದ್ರಾವಣ, ಬಾಣಂತಿಯಲ್ಲಿನ ಅಪಾಯದ ಚಿಹ್ನೆಗಳು ವಿಷಯಗಳಾಗಲಿ. ತೀರ್ಪುಗಾರರ ಪೀಠದಲ್ಲಿ ನನ್ನಂಥ ನಿವೃತ್ತರ ಬದಲು ಹಿರಿಯ ಶುಶ್ರೂಷಕಿಯರು ಮತ್ತು 108 ವಾಹನದ ತುರ್ತು ಸಿಬ್ಬಂದಿ ಕೂರಲಿ. ವ್ಯವಹಾರವೆಲ್ಲ ಕನ್ನಡದಲ್ಲಿರಲಿ. ಗೆದ್ದ ತಂಡ ಒಂದು ತಿಂಗಳೊಳಗೆ ಯಾವುದಾದರೂ ಹಳ್ಳಿಯ ಶಾಲೆಗೆ ಹೋಗಿ ತಾನು ಮಾಡಿದ್ದನ್ನು ಕಲಿಸಿದ ಮೇಲೆಯೇ ಬಹುಮಾನ ಕೈಸೇರಲಿ. ಚಳ್ಳಕೆರೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಗ್ರಾಮೀಣ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ತರಬೇತಿ ಕೊಟ್ಟಿರುವ ಅನುಭವ ಕಣ್ಣೆದುರಿಗೇ ಇದೆ. ಕೈಯಿಂದ ಮಾಡಿ ಕಲಿಸುವುದು ಇಲ್ಲಿ ಅಸಾಧ್ಯವಲ್ಲ.

ಆಕ್ಷೇಪಗಳೂ ಇವೆ. ಇದು ಶಾಮಿಯಾನ, ಹಾರ, ಸ್ವಾಗತ ಭಾಷಣಗಳ ಮತ್ತೊಂದು ಸರ್ಕಾರಿ ಉತ್ಸವವಾದೀತು ಎಂಬ ಆತಂಕ ನಿರಾಧಾರವಲ್ಲ. ಸ್ಪರ್ಧೆಯಿಂದ ಖಾಲಿ ಹುದ್ದೆಗಳು ತುಂಬುವುದಿಲ್ಲ, ಔಷಧ ಬರುವುದಿಲ್ಲ ಎಂಬುದೂ ನಿಜ. ಚುಚ್ಚುಮದ್ದು ದಾಸ್ತಾನಿಲ್ಲದ ಆಸ್ಪತ್ರೆಗೆ ರೋಗಿಯನ್ನು ಎಷ್ಟು ಬೇಗ ತಲುಪಿಸಿದರೇನು? ಆದರೆ ಒಂದು ಸಂಗತಿಯನ್ನು ಮರೆಯಬಾರದು. ಪ್ರಥಮ ಚಿಕಿತ್ಸೆ ಬಲ್ಲ ನೂರು ಯುವಕ ಯುವತಿಯರಿರುವ ತಾಲ್ಲೂಕಿನಲ್ಲಿ ‘ಔಷಧ ಏಕಿಲ್ಲ’ ಎಂದು ಕೇಳುವವರ ಸಂಖ್ಯೆಯೂ ಹೆಚ್ಚುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನವಿದೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಆಶಯ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆ ಬಂಡೆ ಹೇಳುತ್ತಿರುವ ಮಾತಿಗೆ ನಮ್ಮ ಸ್ಪರ್ಧೆಗಳಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಅಂದು ಬಹುಮಾನವಿಲ್ಲದೆ ಮೊಳಕಾಲ್ಮುರಿನ ಬಸ್ಸು ಹತ್ತಿದ ಹುಡುಗಿಯ ಪ್ರಶ್ನೆ ಮುಂದಿನ ಸ್ಪರ್ಧೆಯ ಮೊದಲ ಪ್ರಶ್ನೆಯಾಗಲಿ.