ಪ್ರವಾಸಕ್ಕೆ ಯಾವ ಕ್ರೆಡಿಟ್ ಕಾರ್ಡ್? ವ್ಯಾಪಾರಸ್ಥರು ಮೊದಲು ಮಾಡಬೇಕಾದ ಲೆಕ್ಕ

ವ್ಯಾಪಾರಸ್ಥನ ಪ್ರವಾಸವು ವಿಹಾರವಲ್ಲ, ವ್ಯವಹಾರದ ವೆಚ್ಚ. ನಿಪ್ಪಾಣಿಯ ತಂಬಾಕು ವರ್ತಕರು, ಅಥಣಿಯ ಚಪ್ಪಲಿ ತಯಾರಕರು, ಚಿಕ್ಕೋಡಿ, ರಾಯಬಾಗ ಹಾಗೂ ಕಾಗವಾಡ ತಾಲೂಕುಗಳ ಬೆಲ್ಲ, ಬಟ್ಟೆ, ಬಿಡಿಭಾಗಗಳ ವ್ಯಾಪಾರಿಗಳು ಖರೀದಿ ಮತ್ತು ವಸೂಲಿಗಾಗಿ ಕೊಲ್ಲಾಪುರ, ಸಾಂಗಲಿ, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಆಗಾಗ ಹೋಗಬೇಕಾಗುತ್ತದೆ. ಇಂಥವರಿಗೆ ಕಾರ್ಡ್ ಮಾರುವವರು ವಿಮಾನ ನಿಲ್ದಾಣದ ಲೌಂಜ್, ರಿವಾರ್ಡ್ ಪಾಯಿಂಟ್‌ಗಳ ಆಕರ್ಷಕ ಪಟ್ಟಿಯನ್ನು ಮುಂದಿಡುತ್ತಾರೆ. ಆದರೆ ಕಾರ್ಡಿನ ಆಯ್ಕೆಯನ್ನು ನಿರ್ಧರಿಸಬೇಕಾದುದು ಈ ಪಟ್ಟಿಯಲ್ಲ. ಕೈಗೆ ಹಣ ಬರುವ ಕಾಲ.

ಈ ಭಾಗದ ಪೇಟೆಯ ವಸೂಲಿ ಬಹುಮಟ್ಟಿಗೆ ಕಬ್ಬಿನ ಬಿಲ್ಲನ್ನೇ ಅವಲಂಬಿಸಿದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ಬಾಕಿ ಉಳಿಯುವುದು ಹೊಸ ಸಂಗತಿಯೇನಲ್ಲ. ರೈತನ ಬಿಲ್ಲು ತಡವಾದರೆ ಅಂಗಡಿಯ ಉದ್ರಿಯೂ ತಡವಾಗುತ್ತದೆ. ಕಾರ್ಡಿನ ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ.

ಗಡುವು ತಪ್ಪಿದರೆ ಆಗುವುದೇನು? ತಿಂಗಳಿಗೆ ಶೇ. 3.5ರ ಬಡ್ಡಿ ವಿಧಿಸುವ ಕಾರ್ಡಿನಲ್ಲಿ 1,00,000 ರೂ. ಬಾಕಿ ಒಂದು ತಿಂಗಳು ಉಳಿದರೆ ಬಡ್ಡಿ 3,500 ರೂ.; ಅದರ ಮೇಲೆ ಶೇ. 18ರ ಜಿಎಸ್‌ಟಿ 630 ರೂ.; ಒಟ್ಟು 4,130 ರೂ. ಶೇ. 12ರ ಬ್ಯಾಂಕ್ ಸಿಸಿ ಖಾತೆಯಲ್ಲಿ ಇಷ್ಟೇ ಮೊತ್ತಕ್ಕೆ ತಿಂಗಳ ಬಡ್ಡಿ 1,000 ರೂ. ಮಾತ್ರ, ಅದಕ್ಕೆ ಜಿಎಸ್‌ಟಿಯೂ ಇಲ್ಲ. 'ಕನಿಷ್ಠ ಮೊತ್ತ' ಕಟ್ಟಿದರೆ ತಡಪಾವತಿ ಶುಲ್ಕ ತಪ್ಪೀತೇ ಹೊರತು ಬಡ್ಡಿ ತಪ್ಪದು. ಎಟಿಎಂನಿಂದ ನಗದು ತೆಗೆದರಂತೂ ಅದೇ ದಿನದಿಂದ ಬಡ್ಡಿ ಆರಂಭ. ವರ್ಷವಿಡೀ ಕೂಡಿಟ್ಟ ಪಾಯಿಂಟ್‌ಗಳನ್ನು ಇಂಥ ಒಂದೇ ತಿಂಗಳು ನುಂಗಿಹಾಕಬಲ್ಲದು.

ಎರಡನೆಯದಾಗಿ, ಕಳೆದ 12 ತಿಂಗಳ ಪ್ರವಾಸದ ಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು. ಕೊಗನೊಳ್ಳಿ ಟೋಲ್ ದಾಟಿ ಕಾರಿನಲ್ಲಿಯೇ ಓಡಾಡುವವರಿಗೆ ಇಂಧನ ಸರ್ಚಾರ್ಜ್ ರಿಯಾಯಿತಿ ಉಪಯುಕ್ತ. ಆದರೆ ಅದಕ್ಕಿರುವ ಮಾಸಿಕ ಮಿತಿಯನ್ನು ವಿಚಾರಿಸತಕ್ಕದ್ದು. ಮಿರಜ್–ಲೋಂಡಾ ಮಾರ್ಗದ ರೈಲುಗಳನ್ನು ನೆಚ್ಚಿದವರಿಗೆ ಐಆರ್‌ಸಿಟಿಸಿ ಸಹಭಾಗಿತ್ವದ ಕಾರ್ಡ್ ಸೂಕ್ತ. ವರ್ಷಕ್ಕೊಮ್ಮೆ ವಿಮಾನ ಏರುವವರು ಲೌಂಜ್‌ಗಾಗಿ ಸಾವಿರಾರು ರೂಪಾಯಿ ವಾರ್ಷಿಕ ಶುಲ್ಕ ತೆರುವುದು ಅನಾವಶ್ಯಕ. ಖಾನಾವಳಿ, ಸಣ್ಣ ಲಾಡ್ಜ್‌ಗಳಲ್ಲಿ ಕಾರ್ಡ್ ಯಂತ್ರ ಇರದಿದ್ದರೂ ಕ್ಯೂಆರ್ ಫಲಕ ಇರುತ್ತದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಿದೆ.

ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಥಣಿಯ ತಯಾರಕರು ವಿದೇಶಿ ಮೇಳಗಳತ್ತ ಮುಖ ಮಾಡಿದಾಗ ವಿನಿಮಯ ಶುಲ್ಕದ ಪ್ರಶ್ನೆ ಏಳುತ್ತದೆ. ಶೇ. 3.5ರ ಶುಲ್ಕವಾದರೆ, ಲಕ್ಷ ರೂಪಾಯಿ ವೆಚ್ಚಕ್ಕೆ ಜಿಎಸ್‌ಟಿ ಸೇರಿ ಮತ್ತದೇ 4,130 ರೂ. ಹೊರೆ. ಈ ಶುಲ್ಕ ಕಡಿಮೆ ಇರುವ ಅಥವಾ ಇಲ್ಲದ ಕಾರ್ಡನ್ನೇ ಅವರು ಆರಿಸಬೇಕು. ಅಲ್ಲಿನ ಅಂಗಡಿಯವರು 'ರೂಪಾಯಿಯಲ್ಲಿ ಕೊಡುತ್ತೀರಾ?' ಎಂದು ಕೇಳಿದರೆ ಆ ದೇಶದ ನಾಣ್ಯದಲ್ಲಿಯೇ ಪಾವತಿಸುವುದು ಲಾಭದಾಯಕ. ಇಲ್ಲವಾದರೆ ದುಬಾರಿ ವಿನಿಮಯ ದರ ತೆರಬೇಕಾದೀತು.

ಕಾರ್ಡಿನ ತಿಂಗಳ ಪಟ್ಟಿಯು ತೆರಿಗೆ ಬಿಲ್ಲಲ್ಲ ಎಂಬುದನ್ನೂ ಮರೆಯಬಾರದು. ಹೂಡುವಳಿ ತೆರಿಗೆ ಜಮೆ ಪಡೆಯಲು ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಅವಶ್ಯ. ಮಹಾರಾಷ್ಟ್ರದ ಹೋಟೆಲ್ ವಾಸ್ತವ್ಯದ ಮೇಲೆ ತೆತ್ತ ಅಲ್ಲಿನ ತೆರಿಗೆಯ ಜಮೆ ಕರ್ನಾಟಕದ ನೋಂದಣಿಗೆ ದೊರೆಯದು. ಮನೆಖರ್ಚಿಗೂ ವ್ಯಾಪಾರಕ್ಕೂ ಒಂದೇ ಕಾರ್ಡ್ ಬಳಸಿದರೆ ವರ್ಷಾಂತ್ಯದಲ್ಲಿ ಲೆಕ್ಕ ಬೇರ್ಪಡಿಸುವುದೇ ದುಸ್ತರ.

ಹಾಗಾದರೆ ನಗದೇ ಲೇಸೆಂದು ವಾದಿಸುವವರುಂಟು. ಈ ವಾದ ಒಪ್ಪತಕ್ಕದ್ದಲ್ಲ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ವೆಚ್ಚವನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಚುನಾವಣೆಯ ಕಾಲದಲ್ಲಿ 50,000 ರೂ. ಮೀರಿದ ನಗದಿಗೆ ಗಡಿಯ ತನಿಖಾ ಠಾಣೆಗಳಲ್ಲಿ ದಾಖಲೆ ತೋರಿಸಬೇಕಾಗುತ್ತದೆ. ಕಾರ್ಡ್ ಬೇಕು, ಅದು ಪಾವತಿಯ ಸಾಧನವಾಗಿರಬೇಕೇ ಹೊರತು ಸಾಲದ ಮೂಲವಾಗಬಾರದು.

ಆದ್ದರಿಂದ ಹೆಚ್ಚಿನವರಿಗೆ ವಾರ್ಷಿಕ ಶುಲ್ಕವಿಲ್ಲದ, ವ್ಯಾಪಾರಕ್ಕಷ್ಟೇ ಮೀಸಲಾದ ಒಂದು ರುಪೇ ಕಾರ್ಡ್ ಸಾಕು. ವಿದೇಶ ಪ್ರವಾಸವಿದ್ದವರು ಮಾತ್ರ ಎರಡನೆಯದನ್ನು ಪಡೆಯಲಿ. ಬಿಲ್ಲಿನ ಆವರ್ತವನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ 2024ರ ಮಾರ್ಚ್‌ನ ತಿದ್ದುಪಡಿಯಲ್ಲಿ ಗ್ರಾಹಕರಿಗೆ ನೀಡಿತು. ವಸೂಲಿಯ ವಾರಕ್ಕೆ ಗಡುವನ್ನು ಹೊಂದಿಸಿಕೊಂಡು, ಪೂರ್ಣ ಮೊತ್ತ ಖಾತೆಯಿಂದ ತಾನಾಗಿಯೇ ಪಾವತಿಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಡುವುದು ಕ್ಷೇಮಕರ. ವಸೂಲಿ ತಡವಾಗುವ ತಿಂಗಳುಗಳಲ್ಲಿ ಸಿಸಿ ಖಾತೆಯಿಂದಾದರೂ ಕಾರ್ಡಿನ ಬಾಕಿ ತೀರಿಸುವವನೇ ಕಾರ್ಡಿನ ನಿಜವಾದ ಲಾಭ ಪಡೆಯುತ್ತಾನೆ.